ಪರದೆ ಆರಿದ ಮೇಲೂ ಸದ್ದು ಮುಂದುವರಿಯಬೇಕೇ?

ಯಕ್ಷಗಾನದ ಒಂದು ಬಗೆಯಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ, ಚೆಂಡೆ-ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟೇ. ಕಿವಿಗಷ್ಟೇ ಕೆಲಸವಿರುವ ಇಂಥ ಪ್ರಸಂಗವನ್ನು ಯೂಟ್ಯೂಬಿನಲ್ಲಿ ಹಾಕಿ ಪವರ್ ಬಟನ್ ಒತ್ತಿದರೆ ಕೃಷ್ಣನ ವಾದ ಅರ್ಧಕ್ಕೇ ನಿಲ್ಲುತ್ತದೆ. ಪರದೆ ಉರಿಯುತ್ತಲೇ ಇರಲಿ ಎಂದು ಬಿಟ್ಟರೆ ಬ್ಯಾಟರಿ ಬರಿದಾಗುತ್ತದೆ. ಹಾಗೆಯೇ ಜೇಬಿಗೆ ಹಾಕಿಕೊಂಡರೆ ಪರದೆಗೆ ಏನೋ ತಾಗಿ ಪ್ರಸಂಗವೇ ಬದಲಾಗಿಬಿಡುತ್ತದೆ. ಇದನ್ನು ಸರಿಪಡಿಸಲು ಹೊರಡುವವರು ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು, ಸದ್ದು ಯಾವ ಕ್ಷಣದಲ್ಲಿ ನಿಲ್ಲುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು.

ಪರದೆ ಆರಿಸಿದ ಅಥವಾ ವಾಟ್ಸ್‌ಆ್ಯಪ್‌ಗೆ ಹೋದ ತಕ್ಷಣವೇ ನಿಂತರೆ ಅದು ಬಹುಮಟ್ಟಿಗೆ ಆ್ಯಪ್‌ನದೇ ನಿಯಮ, ಫೋನಿನ ದೋಷವಲ್ಲ. ಪರದೆ ಆರಿದರೂ ಸದ್ದು ಮುಂದುವರಿಯುವ ಸೌಲಭ್ಯವನ್ನು ಯೂಟ್ಯೂಬ್ ಹಣ ಕೊಡುವ ಪ್ರೀಮಿಯಂ ಚಂದಾದಾರರಿಗೆ ಇಟ್ಟಿದೆ. ಭಾರತದಲ್ಲಿ ಈ ಚಂದಾ 2019ರಿಂದ ಸಿಗುತ್ತಿದೆ. ಚಂದಾ ಇದ್ದೂ ಸದ್ದು ನಿಲ್ಲುತ್ತಿದ್ದರೆ, ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಗ್ರೌಂಡ್ ಪ್ಲೇ ಎಂಬುದನ್ನು ಹುಡುಕಿ, ಅದು ‘ಆಫ್’ ಆಗಿದೆಯೇ ಅಥವಾ ಹೆಡ್‌ಫೋನ್ ಹಾಕಿದಾಗ ಮಾತ್ರ ಎಂದಿದೆಯೇ ನೋಡಿ, ಸದಾ ‘ಆನ್’ ಇರುವಂತೆ ಬದಲಿಸಬೇಕು. ಬ್ರೌಸರ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆಯ್ದು, ನೋಟಿಫಿಕೇಶನ್ ಪಟ್ಟಿಯಿಂದ ಮತ್ತೆ ಪ್ಲೇ ಒತ್ತುವ ಅಡ್ಡದಾರಿಯೊಂದು ಜನರ ಬಾಯಲ್ಲಿದೆ. ಇಂದು ನಡೆದದ್ದು ನಾಳೆ ನಡೆಯುತ್ತದೆಂಬ ಭರವಸೆ ಇಲ್ಲದ್ದರಿಂದ ಅದನ್ನು ನಾನು ಶಿಫಾರಸು ಮಾಡಲಾರೆ.

ಬೇಕಾಗಿರುವುದು ಬರೀ ಧ್ವನಿಯಾದರೆ ಧ್ವನಿಗೆಂದೇ ಮಾಡಿದ ಆ್ಯಪ್ ಬಳಸುವುದು ಲೇಸು. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳ ನೇರ ಪ್ರಸಾರವನ್ನು ಹಾಕಿ ಫೋನಿನ ಪರದೆ ಆರಿಸಿಟ್ಟರೂ ಕೇಳಬಹುದು. ಡೇಟಾ ಖರ್ಚಿನ ಅಂಜಿಕೆಯೂ ಬೇಡ: ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದ ಧ್ವನಿಯನ್ನು ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ ಆಗುತ್ತದೆ.

ನೀವೇ ಚಿತ್ರೀಕರಿಸಿದ ಕಾರ್ಯಕ್ರಮದ ವಿಡಿಯೊ ಫೋನಿನಲ್ಲಿದ್ದರೆ ಉಚಿತವಾಗಿ ಸಿಗುವ, ವಿಡಿಯೊ ನುಡಿಸುವ ಆ್ಯಪ್ ವಿಎಲ್‌ಸಿ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ವಿಎಲ್‌ಸಿ ತೆರೆದು, ವಿಡಿಯೊದ ಪಕ್ಕದ ಮೂರು ಚುಕ್ಕೆ ಒತ್ತಿ, ‘ಪ್ಲೇ ಆ್ಯಸ್ ಆಡಿಯೊ’ ಆಯ್ದುಕೊಳ್ಳಿ. ಆಗ ಚಿತ್ರ ಮಾಯವಾಗಿ, ವಿಡಿಯೊ ಹಾಡಿನಂತೆ ನುಡಿಯತೊಡಗುತ್ತದೆ. ನಿಲ್ಲಿಸುವ, ಮುಂದಕ್ಕೆ ಓಡಿಸುವ ಗುಂಡಿಗಳು ಲಾಕ್ ಪರದೆಯ ಮೇಲೆಯೇ ಬರುತ್ತವೆ.

ನಿಜವಾಗಿ ತಲೆ ತಿನ್ನುವುದು ಇನ್ನೊಂದು ಬಗೆಯ ತೊಂದರೆ. ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ನುಡಿದು, ಇದ್ದಕ್ಕಿದ್ದಂತೆ ಸದ್ದು ಅಡಗುತ್ತದೆ. ನನ್ನ ಹಳೆಯ ಫೋನಿನಲ್ಲಿ ಹೀಗಾದಾಗ ಇಯರ್‌ಫೋನ್ ಕೆಟ್ಟಿದೆಯೆಂದು ಹೊಸದನ್ನು ಕೊಂಡೆ. ಅದರಲ್ಲಿಯೂ ಅದೇ ಕತೆ. ಬ್ಯಾಟರಿ ಉಳಿಸುವ ಭರದಲ್ಲಿ ಫೋನು ತಾನೇ ಆ್ಯಪನ್ನು ಮುಚ್ಚುತ್ತಿತ್ತು. ಇದಕ್ಕೆ ಮಾಡಬೇಕಾದುದು ಹೀಗೆ: ಆ್ಯಪ್‌ನ ಚಿಹ್ನೆಯನ್ನು ಒತ್ತಿ ಹಿಡಿದರೆ ‘ಆ್ಯಪ್ ಇನ್ಫೋ’ ಅಥವಾ ‘ಐ’ ಅಕ್ಷರದ ಗುರುತು ಕಾಣುತ್ತದೆ. ಅದರೊಳಗೆ ಹೋಗಿ, ‘ಬ್ಯಾಟರಿ’ ವಿಭಾಗದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆಯ್ಕೆ ಮಾಡಬೇಕು. ಕೆಲವು ಫೋನುಗಳಲ್ಲಿ ಇದರ ಹೆಸರು ತುಸು ಬೇರೆ ಇರುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ, ಈಚೆಗೆ ತೆರೆದ ಆ್ಯಪ್‌ಗಳ ಸಾಲಿನಲ್ಲಿ ಅದಕ್ಕೆ ಬೀಗದ ಗುರುತು ಹಾಕುವ ಅವಕಾಶ ಹಲವು ಫೋನುಗಳಲ್ಲಿದೆ. ಕೇಳುವ ಆ್ಯಪ್‌ಗಳಿಗೆ ಮಾತ್ರ ಈ ರಿಯಾಯಿತಿ ಕೊಡಿ. ಎಲ್ಲಕ್ಕೂ ಕೊಟ್ಟರೆ ಸಂಜೆಯೊಳಗೆ ಚಾರ್ಜರ್ ಹುಡುಕಬೇಕಾದೀತು.

ಮನೆಯ ವೈಫೈಯಲ್ಲಿ ಸರಿಯಾಗಿದ್ದು, ಬಸ್ಸು ಹತ್ತಿದ ಮೇಲೆ ಮಾತ್ರ ನಿಲ್ಲುತ್ತಿದ್ದರೆ ‘ಡೇಟಾ ಸೇವರ್’ ಆನ್ ಆಗಿರಬಹುದು. ಅದನ್ನು ಆಫ್ ಮಾಡಿ, ಇಲ್ಲವೇ ಆ ಆ್ಯಪ್‌ಗೆ ವಿನಾಯಿತಿ ನೀಡಿ.

ಇಷ್ಟೆಲ್ಲ ಸರಿಹೋದ ಮೇಲೆ ನಿದ್ದೆ ಹತ್ತಿದರೂ ಪ್ರಸಂಗ ಬೆಳತನಕ ನಡೆಯುತ್ತಲೇ ಇರುತ್ತದೆ. ಐಫೋನ್ ಇರುವವರು ಗಡಿಯಾರದ ಆ್ಯಪ್‌ನಲ್ಲಿ ಟೈಮರ್ ತೆರೆದು, ಅವಧಿ ಮುಗಿದಾಗ ಕೇಳಿಸಬೇಕಾದ ಸದ್ದುಗಳ ಪಟ್ಟಿಯ ತಳದಲ್ಲಿರುವ ‘ಸ್ಟಾಪ್ ಪ್ಲೇಯಿಂಗ್’ ಆಯ್ದು ಮಲಗಬಹುದು. ವಿಎಲ್‌ಸಿಯಲ್ಲಿ ಈ ಕೆಲಸಕ್ಕೆ ‘ಸ್ಲೀಪ್ ಟೈಮರ್’ ಇದೆ. ಅದಕ್ಕೆ ನಲವತ್ತು ನಿಮಿಷ ಕೊಟ್ಟರೆ ಸಾಕು, ನನಗಂತೂ ಪೀಠಿಕೆ ಮುಗಿಯುವುದರೊಳಗೆ ಕಣ್ಣು ಕೂರುತ್ತದೆ.