ಅರವತ್ತು ದಾಟಿದವರಿಗೆ ಲಸಿಕೆ: ಮಳೆ ಹಿಡಿಯುವ ಮೊದಲು ಮಾಡಿಸಬೇಕಾದ್ದು

ಅಜ್ಜನಿಗೂ ಮೊಮ್ಮಗನಿಗೂ ಒಂದೇ ದಿನ ಫ್ಲೂ ಲಸಿಕೆ ಹಾಕಿಸಿದರೂ ಇಬ್ಬರ ಮೈಯಲ್ಲಿ ಅದು ಒಂದೇ ಥರ ಹಿಡಿಯುವುದಿಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತ ಬಂದು, ಮುಪ್ಪಿನ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ರೋಗಾಣುವನ್ನು ಗುರುತು ಹಿಡಿಯುವ ಹೊಸ ಟಿ ಕೋಶಗಳು ಅಲ್ಲಿಂದ ಬರುವುದು ಕಡಿಮೆಯಾಗುತ್ತದೆ. ರೋಗಾಣುವನ್ನು ತಡೆಯುವ ಪ್ರತಿಕಾಯಗಳು ಹುಟ್ಟುತ್ತವೆ, ಆದರೆ ಕಡಿಮೆ ಹುಟ್ಟುತ್ತವೆ, ಬೇಗ ಇಳಿಯುತ್ತವೆ. ಹಾಗಂತ ಲಸಿಕೆ ದಂಡ ಅಂದುಕೊಳ್ಳಬೇಡಿ. ಕಾಯಿಲೆ ಬಂದರೂ ಆಸ್ಪತ್ರೆ ಸೇರುವಷ್ಟು ಬಿಗಡಾಯಿಸುವುದನ್ನು ಅದು ತಗ್ಗಿಸುತ್ತದೆ.

ಮೊದಲು ಫ್ಲೂ. ನಮ್ಮಲ್ಲಿ ಇದು ಮಳೆಯ ಜೊತೆಗೇ ಏರುತ್ತದೆ. ರಕ್ಷಣೆ ಏಳಲು ಸುಮಾರು 2 ವಾರ ಬೇಕು. ಆದ್ದರಿಂದ ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ ಮೂರನೇ ವಾರದೊಳಗೆ ಹಾಕಿಸಿ. ಪ್ರತಿ ವರ್ಷವೂ ಬೇಕು. ಡಬ್ಬಿಯ ಮೇಲೆ ಆ ವರ್ಷದ ಇಸವಿ ಇದೆಯೇ ನೋಡಿ, ಹೋದ ವರ್ಷದ ಉಳಿಕೆ ಬೇಡ. ಕೆಲವು ದೇಶಗಳಲ್ಲಿ 65 ದಾಟಿದವರಿಗೆಂದೇ ಫ್ಲೂ ವೈರಸ್‌ನ ಪ್ರತಿ ತಳಿಗೆ 15ರ ಬದಲು 60 ಮೈಕ್ರೋಗ್ರಾಂ ಸತ್ವ ಇರುವ ಲಸಿಕೆ ಕೊಡುತ್ತಾರೆ. ಅದು ಸಿಗಲಿ ಎಂದು ಕಾಯುತ್ತ ಮಳೆಗಾಲ ಕಳೆಯುವುದಕ್ಕಿಂತ ಸಿಕ್ಕಿದ್ದನ್ನು ಹೊತ್ತಿಗೆ ಹಾಕಿಸುವುದು ಮೇಲು.

ಮಲೆನಾಡಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಶಿವಮೊಗ್ಗದ ಮೆಡಿಕಲ್ ಶಾಪಿನಲ್ಲಿ ಕೊಂಡು, ಬಸ್ಸಿನಲ್ಲಿ ಹೊಸನಗರಕ್ಕೋ ತೀರ್ಥಹಳ್ಳಿಗೋ ಒಯ್ದು, ಊರಿನ ನರ್ಸ್ ಕೈಲಿ ಚುಚ್ಚಿಸುವವರಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಆದರೆ ಐಸಿಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ ಎಂಬುದನ್ನು ಮರೆಯುತ್ತಾರೆ, ಕರಗಿದ ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಮೊದಲೇ ಅರ್ಧ ಶಕ್ತಿಗೆ ಇಳಿದಿರುವ ಮೈಗೆ ಕೆಟ್ಟ ಲಸಿಕೆ ಚುಚ್ಚಿಸಬಾರದು. ಹಿರಿಯರನ್ನೇ ಫ್ರಿಜ್ ಇರುವ ಕಡೆ ಕರೆದೊಯ್ಯಿರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಕೇಳಲು ಸಂಕೋಚ ಬೇಡ.

ನ್ಯುಮೋನಿಯಾ ಲಸಿಕೆಯಲ್ಲಿ ಪಿಸಿವಿ, ಪಿಪಿಎಸ್‌ವಿ ಎಂದು ಎರಡು ಬಗೆ, ಸರದಿ ಮುಖ್ಯ. ಪಿಸಿವಿ 13 ಆದರೆ ಅದು ಮೊದಲು, ಒಂದು ವರ್ಷ ಬಿಟ್ಟು ಪಿಪಿಎಸ್‌ವಿ 23. ಪಿಪಿಎಸ್‌ವಿಯಲ್ಲಿರುವುದು ಬರೀ ಸಕ್ಕರೆಯ ಸರಪಳಿ. ಅದು ಟಿ ಕೋಶಗಳನ್ನು ಎಬ್ಬಿಸದು, ರೋಗಾಣುವಿನ ನೆನಪೂ ಉಳಿಸದು, ಅದಕ್ಕೇ ಅದು ಎರಡನೆಯದು. ಪಿಸಿವಿ 20 ಸಿಕ್ಕರೆ ಒಂದೇ ಡೋಸ್ ಸಾಕು.

ಸರ್ಪಸುತ್ತಿನ ಲಸಿಕೆ ನೋಡಿದರೆ ಮುಪ್ಪನ್ನು ಎಷ್ಟು ಮೀರಬಹುದು ಎಂದು ತಿಳಿಯುತ್ತದೆ. ಹಳೆಯ ಜೀವಂತ ಲಸಿಕೆ 70 ದಾಟಿದವರಲ್ಲಿ ಶೇ. 38ರಷ್ಟು ಮಾತ್ರ ತಡೆಯುತ್ತಿತ್ತು. ಮೈ ಹೆಚ್ಚು ಸ್ಪಂದಿಸಲೆಂದು ಉತ್ತೇಜಕ ಸೇರಿಸಿದ ಶಿಂಗ್ರಿಕ್ಸ್ ಎಂಬ ಹೊಸ ಲಸಿಕೆ ಅದೇ ವಯಸ್ಸಿನವರಲ್ಲಿ ಶೇ. 90ರ ಹತ್ತಿರ ತಡೆದಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ಮೊದಲನೆಯದಕ್ಕೆ ಒಂದೆರಡು ದಿನ ಕೈನೋವು, ಜ್ವರ ಬಂತೆಂದು ಎರಡನೆಯದನ್ನು ಬಿಡುವವರಿದ್ದಾರೆ. 6 ತಿಂಗಳು ಮೀರಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿ. ಬೆಲೆ ಹೆಚ್ಚು, ಎರಡಕ್ಕೂ ದುಡ್ಡು ಹೊಂದಿಸಿಕೊಂಡೇ ಹೊರಡಿ.

ರಕ್ತ ತೆಳುವಾಗುವ ಮಾತ್ರೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ಹೇಳಿ. ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೊಲೋನನ್ನು 2 ವಾರಕ್ಕೂ ಹೆಚ್ಚು ತೆಗೆದುಕೊಂಡರೆ ಲಸಿಕೆಯ ಫಲ ಕುಂದುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ತೆಳು ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ 2 ನಿಮಿಷ ಒತ್ತಿ ಹಿಡಿಯಬೇಕು. ಜ್ವರ ಬಂದೀತೆಂದು ಮುಂಚೆಯೇ ಪ್ಯಾರಾಸಿಟಮಾಲ್ ನುಂಗಿಸಬೇಡಿ, ಬಂದರೆ ಕೊಡಿ.

ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಹಳೆಯ ಲಸಿಕೆ ಈಗ ನಿಂತಿದೆ. ಬೇಸಿಗೆಯಲ್ಲಿ ತರಗೆಲೆ, ಸೌದೆಗೆ ಕಾಡಿಗೆ ಹೋಗುವ ಹಿರಿಯರಿಗೆ ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೀಪಾ ತೈಲವೇ ಗತಿ. ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ.

ಲಸಿಕೆ ಹಾಕಿಸಿದ್ದರೂ ಕಾಯಿಲೆ ಬರಬಹುದು, ವಯಸ್ಸಾದವರಲ್ಲಿ ಜ್ವರ ಏರದೆಯೂ ಬರಬಹುದು. ಅಮ್ಮ ಊಟ ಬಿಟ್ಟರೆ, ಮಾತು ತಡವರಿಸಿದರೆ, ನಡೆಯುತ್ತ ಬಿದ್ದರೆ, ಉಸಿರು ಏರಿದರೆ ಥರ್ಮಾಮೀಟರ್ ನಂಬಿ ಕೂರಬೇಡಿ, ಅದೇ ದಿನ ತೋರಿಸಿ.