ನೆಟ್ ಸ್ಲೋ ಅಲ್ಲ ಮಾರಾಯ್ರೇ, ಡಿಸ್ಕ್ ಸ್ಲೋ

ನಮ್ಮ ಆಫೀಸಿನ ರಿಮೋಟ್ ಡೆಸ್ಕ್‌ಟಾಪಿನ (ಕೆಲಸವೆಲ್ಲ ಸರ್ವರಿನಲ್ಲಿ, ಮೇಜಿನಲ್ಲಿ ಪರದೆ ಮಾತ್ರ) ರೋಗ ವಾಸಿಯಾಗಿ ಒಂದು ವರ್ಷ ಆಗುತ್ತಾ ಬಂತು. ಇಷ್ಟರ ಮೇಲೆ ಬರೆದರೆ ಕಣ್ಣು ತಾಗಲಿಕ್ಕಿಲ್ಲ.

ಮಂಗಳೂರಿನ ಬಿಜೈಯಲ್ಲಿ ಅಕೌಂಟ್ಸ್ ಕೆಲಸದ ಆಫೀಸು, ಉಡುಪಿಯಲ್ಲಿ ಸಣ್ಣ ಬ್ರಾಂಚ್. ಒಟ್ಟು 60ರ ಹತ್ತಿರ ಜನ. ಎಲ್ಲರ ಮೇಜಿನಲ್ಲೂ ಥಿನ್ ಕ್ಲೈಂಟ್, ಅಂದರೆ ಸರ್ವರಿನ ಪರದೆ ತೋರಿಸುವ ಸಣ್ಣ ಪೆಟ್ಟಿಗೆ. ಒಂದು ಸರ್ವರ್, ಅದರಲ್ಲಿ ಹೈಪರ್-ವಿ (ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್), ಅದರೊಳಗೆ ಎರಡು ಸೆಷನ್ ಹೋಸ್ಟ್. ಎಲ್ಲರ ಡೆಸ್ಕ್‌ಟಾಪ್ ಓಡುವುದು ಇವುಗಳಲ್ಲೇ. ಟ್ಯಾಲಿ, ಎಕ್ಸೆಲ್, ಬ್ರೌಸರ್, ಅಷ್ಟೇ.

ಬೆಳಿಗ್ಗೆ 9:30ಕ್ಕೆ ಲಾಗಿನ್ ಕೊಟ್ಟರೆ ಡೆಸ್ಕ್‌ಟಾಪ್ ಬರಲು ಆರೇಳು ನಿಮಿಷ. ಕೆಳಗೆ ಹೋಗಿ ಚಾ ಕುಡಿದು ಬಂದರೂ ಪರದೆಯಲ್ಲಿ ಚುಕ್ಕಿಗಳು ತಿರುಗುತ್ತಲೇ ಇರುತ್ತಿದ್ದವು. 11ನೇ ತಾರೀಕು, 20ನೇ ತಾರೀಕು ಬಂತೆಂದರೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಕೇಳುವುದೇ ಬೇಡ. ಎಲ್ಲರ ಬಾಯಲ್ಲೂ ಒಂದೇ ಮಾತು: ನೆಟ್ ಸ್ಲೋ. ಲೀಸ್ಡ್ ಲೈನ್ (ಆಫೀಸಿಗೆಂದೇ ಮೀಸಲಾದ ಇಂಟರ್ನೆಟ್ ಲೈನ್) ಡಬಲ್ ಮಾಡಿಸಿದರು. ತಿಂಗಳಿಗೆ ಹೆಚ್ಚುವರಿ 18 ಸಾವಿರದ ಹಾಗೆ, ಮೂರ್ನಾಲ್ಕು ತಿಂಗಳು ಕಟ್ಟಿದರು. ಬಿಜೈಯವರು ಸರ್ವರಿಗೆ ಹೋಗುವುದು ಒಳಗಿನ ಸ್ವಿಚ್ಚಿನಿಂದ. ಹೊರಗಿನ ಲೈನಿಗೂ ಅವರ ಲಾಗಿನ್‌ಗೂ ಎಂತ ಸಂಬಂಧ? ಹೇಳಿದರೆ ಕೇಳುವವರಿಲ್ಲ. ಆಮೇಲೆ ಒಂದು ಪಾರ್ಟಿ ಬಂದು ಹೊಸ ಸರ್ವರಿಗೆ 9 ಲಕ್ಷದ ಕೊಟೇಶನ್ ಇಟ್ಟಿತು. ಹಳೆ ಸರ್ವರಿನ ಸಿಪಿಯು 30 ಪರ್ಸೆಂಟ್ ದಾಟುತ್ತಿರಲಿಲ್ಲ!

ನಾನು ವಿಂಡೋಸಿನ ಪರ್ಫಾರ್ಮೆನ್ಸ್ ಮಾನಿಟರ್ ಹಾಕಿ ಒಂದು ವಾರ ಬಿಟ್ಟೆ. ಡಿಸ್ಕ್ ರೀಡ್, ಅಂದರೆ ಒಮ್ಮೆ ಓದಲು ತಗಲುವ ಹೊತ್ತು, 20 ಮಿಲಿಸೆಕೆಂಡ್ ಒಳಗಿದ್ದರೆ ನೆಮ್ಮದಿ. ಇಲ್ಲಿ 9:30ಕ್ಕೆ 200 ದಾಟುತ್ತಿತ್ತು, ಹತ್ತೂವರೆಗೆ ತಾನಾಗಿಯೇ ಇಳಿಯುತ್ತಿತ್ತು. ತಿರುಗುವ ಡಿಸ್ಕು, ರೇಡ್ 5 (ಹಲವು ಡಿಸ್ಕು ಸೇರಿಸಿ ಒಂದಾಗಿ ಕಟ್ಟುವ ರೀತಿ, ಬರೆಯುವಾಗ ನಿಧಾನ). ಅದರ ಮೇಲೆ ಎಲ್ಲರ ರೋಮಿಂಗ್ ಪ್ರೊಫೈಲ್ (ಲಾಗಿನ್ ಆದಾಗಲೆಲ್ಲ ಸಾಗುವ ಅವರವರ ಸೆಟ್ಟಿಂಗ್, ಫೈಲುಗಳ ಗಂಟು) ಒಟ್ಟಿಗೆ ಕಾಪಿ. ಸಾಲದ್ದಕ್ಕೆ ಎರಡೂ ಹೋಸ್ಟಿನಲ್ಲಿ ಆಂಟಿವೈರಸ್‌ನ ಫುಲ್ ಸ್ಕ್ಯಾನ್ ಅದೇ ಹೊತ್ತಿಗೆ. ಮದುವೆ ಹಾಲಿನ ಒಂದೇ ಬಾಗಿಲಲ್ಲಿ ಊಟಕ್ಕೆ ಹೋಗುವವರೂ ಕೈ ತೊಳೆಯಲು ಬರುವವರೂ ಸಿಕ್ಕಿಬಿದ್ದ ಹಾಗೆ.

ಮೊದಲು ಸ್ಕ್ಯಾನನ್ನು ರಾತ್ರಿಗೆ ತಳ್ಳಿದೆ. ಖರ್ಚು ಸೊನ್ನೆ, ಎರಡು ನಿಮಿಷ ಉಳಿಯಿತು. ಆಮೇಲೆ ಸರ್ವರ್ ದರ್ಜೆಯ ಎಸ್‌ಎಸ್‌ಡಿ (ತಿರುಗದ, ಚುರುಕು ಡಿಸ್ಕ್) ಎರಡು, ರೇಡ್ 1, ಅಂದರೆ ಒಂದರದ್ದೇ ನಕಲು ಇನ್ನೊಂದರಲ್ಲಿ. ಇದಕ್ಕೆ 60 ಸಾವಿರ ಚಿಲ್ಲರೆ. ರ‍್ಯಾಮ್‌ಗೆ ಇನ್ನೊಂದು 25 ಸಾವಿರ. ಅಂಗಡಿಯ ಸಾದಾ ಎಸ್‌ಎಸ್‌ಡಿ ಅರ್ಧ ದುಡ್ಡಿಗೆ ಸಿಗುತ್ತದಲ್ಲ ಎಂದು ಸರ್ ಕೇಳಿದರು. ಬೇಡವೇ ಬೇಡ ಎಂದೆ. ಅದೊಂದು ವಿಷಯದಲ್ಲಿ ನಾನು ಬಗ್ಗಲಿಲ್ಲ.

ರೋಮಿಂಗ್ ಪ್ರೊಫೈಲ್ ಕಿತ್ತು ಮೈಕ್ರೋಸಾಫ್ಟಿನ ಎಫ್‌ಎಸ್‌ಲಾಜಿಕ್ಸ್ ಹಾಕಿದೆ. ಇದು ಪ್ರೊಫೈಲನ್ನು ಕಾಪಿ ಮಾಡುವುದಿಲ್ಲ, ಒಬ್ಬೊಬ್ಬರದ್ದನ್ನು ಒಂದೊಂದು ವರ್ಚುವಲ್ ಡಿಸ್ಕ್ ಫೈಲಿನಲ್ಲಿಟ್ಟು ಲಾಗಿನ್ ಹೊತ್ತಿಗೆ ಜೋಡಿಸುತ್ತದೆ. ಆರ್‌ಡಿಎಸ್ ಕ್ಯಾಲ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಲೈಸೆನ್ಸ್) ಇದ್ದವರಿಗೆ ಅದಕ್ಕೆ ಬೇರೆ ದುಡ್ಡಿಲ್ಲ, ಆದರೂ ಎಷ್ಟೋ ಜನ ಮುಟ್ಟುವುದಿಲ್ಲ. ಪ್ರೊಫೈಲಿನ ಆ ಡಿಸ್ಕ್ ಫೈಲುಗಳನ್ನು (ವಿಎಚ್‌ಡಿಎಕ್ಸ್) ಆಂಟಿವೈರಸ್‌ನಿಂದ ಹೊರಗಿಡಿ, ಇಲ್ಲದಿದ್ದರೆ ಮತ್ತೆ ಅದೇ ಗೋಳು. ಹಳೆ ಪ್ರೊಫೈಲುಗಳನ್ನು ಒಂದೇ ರಾತ್ರಿಯಲ್ಲಿ ಸಾಗಿಸಲು ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ, ನನಗೂ ಹೊಟ್ಟೆಪಾಡು ಉಂಟು. ಈಗ ಲಾಗಿನ್ 20 ಸೆಕೆಂಡು, ತೀರಾ ಅಂದರೆ 30.

ಉಡುಪಿಯದ್ದು ಬೇರೆಯೇ ರೋಗ. ಲಾಗಿನ್ ಆಗುತ್ತದೆ, ಪರದೆ ಕಪ್ಪಾಗಿ ನಿಲ್ಲುತ್ತದೆ. ಯುಡಿಪಿ (ಪರದೆಯನ್ನು ಚುರುಕಾಗಿ ಸಾಗಿಸುವ ದಾರಿ) ಬಂದ್ ಮಾಡಿದರೆ ಸರಿಯಾಗುತ್ತಿತ್ತು, ಆದರೆ ಸ್ಕ್ರೋಲ್ ಎಳೆದಾಡುತ್ತಿತ್ತು. ಕೊನೆಗೆ ಪಿಂಗ್ -ಎಫ್ -ಎಲ್ ಹಾಕಿ, ಪ್ಯಾಕೆಟ್ ಒಡೆಯದೆ ಎಷ್ಟು ಬೈಟ್ ದಾಟುತ್ತದೆ ಎಂದು ನೋಡಿದೆ. 1472 ಹೋಗುವುದಿಲ್ಲ, 1372 ಹೋಗುತ್ತದೆ. ಹೆಡರಿನ 28 ಸೇರಿಸಿ, ಉಡುಪಿಯನ್ನು ಸರ್ವರಿಗೆ ಜೋಡಿಸುವ ವಿಪಿಎನ್‌ನಲ್ಲಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1400 ಮಾಡಿ ಯುಡಿಪಿ ವಾಪಸ್ ಕೊಟ್ಟೆ. ಮುಗಿಯಿತು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವವರಿಗೆ ಒಂದು ಮಾತು. ರಿಮೋಟ್ ಡೆಸ್ಕ್‌ಟಾಪಿನದ್ದೇ ಡ್ರೈವರ್ ಆದ ಈಸಿ ಪ್ರಿಂಟ್‌ನಲ್ಲಿ ಬಿಲ್ಲು ಚಿತ್ರದ ಹಾಗೆ ಹೋಗುತ್ತದೆ. ಹೆಡ್ಡು ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡುತ್ತದೆ, ಅಕ್ಷರ ಮಸಿ ಮಸಿ. ಪಾಲಿಸಿಯಲ್ಲಿ ಈಸಿ ಪ್ರಿಂಟ್‌ಗೆ ಮೊದಲ ಸ್ಥಾನ ತೆಗೆದು ಪ್ರಿಂಟರಿನ ಸ್ವಂತ ಡ್ರೈವರ್ ಸರ್ವರಿಗೆ ಹಾಕಿ.

ಡಿಜಿಟಲ್ ಸಿಗ್ನೇಚರ್ ಟೋಕನ್ (ಕಂಪ್ಯೂಟರಿನಲ್ಲಿ ಸಹಿ ಹಾಕುವ ಯುಎಸ್‌ಬಿ ಕಡ್ಡಿ, ಕಂಪ್ಯೂಟರಿಗೆ ಅದು ಕಾರ್ಡ್ ರೀಡರ್) ನನ್ನನ್ನು ಜಾಸ್ತಿ ಸತಾಯಿಸಿತು. ನನಗಿಂತ ಮುಂಚೆ ಇದ್ದವರು ಟೋಕನನ್ನು ಸರ್ವರಿಗೇ ಚುಚ್ಚಿದ್ದರು. ಸೆಷನ್ನಿಗೆ ಸರ್ವರಿನ ಕಾರ್ಡ್ ರೀಡರ್ ಕಾಣುವುದೇ ಇಲ್ಲ, ಕ್ಲೈಂಟಿನದ್ದು ಮಾತ್ರ ಕಾಣುತ್ತದೆ. ಟೋಕನ್ ಥಿನ್ ಕ್ಲೈಂಟಿಗೆ, ಡ್ರೈವರ್ ಸರ್ವರಿಗೆ, ಸ್ಮಾರ್ಟ್ ಕಾರ್ಡ್ ರಿಡೈರೆಕ್ಷನ್ (ಮೇಜಿನ ಟೋಕನನ್ನು ಸೆಷನ್ನಿಗೆ ತೋರಿಸುವ ಸೆಟ್ಟಿಂಗ್) ಆನ್. ಇಷ್ಟೇ ವಿದ್ಯೆ.

ನಡುವೆ ಸುಮ್ನೆ ಒಂದು ರಾಸ್ಬೆರಿ ಪೈಯನ್ನು (ಅಂಗೈಯಗಲದ ಕಂಪ್ಯೂಟರ್) ಥಿನ್ ಕ್ಲೈಂಟ್ ಮಾಡಿ ನೋಡಿದೆ. ಫ್ರೀಆರ್‌ಡಿಪಿ ಎಂಬ ಉಚಿತ ರಿಮೋಟ್ ಡೆಸ್ಕ್‌ಟಾಪ್ ಸಾಫ್ಟ್‌ವೇರಿನಲ್ಲಿ ಟ್ಯಾಲಿ ಚಂದ ಓಡಿತು, ಎಕ್ಸೆಲ್ ಕೂಡ. ಒಂದು ಕಂಪನಿಯ ಟೋಕನ್ ಮಾತ್ರ ಏನು ಮಾಡಿದರೂ ಹಿಡಿಯಲಿಲ್ಲ. ಸಹಿ ಹಾಕುವ ಕೆಲಸ ಇಲ್ಲದ ಹತ್ತು ಮೇಜುಗಳಿಗೆ ಪೈ ಸಾಕು ಎನ್ನುವುದು ನನ್ನ ಲೆಕ್ಕ. ಲೀಸ್ಡ್ ಲೈನ್ ಮತ್ತೆ ಹಳೆ ಪ್ಲಾನಿಗೆ ಇಳಿಸಿದ್ದೇವೆ, ಆ ದುಡ್ಡಿನಲ್ಲಿ ತರಿಸಿಕೊಡಿ ಎಂದು ಸರ್‌ಗೆ ಹೇಳಿದ್ದೇನೆ. ಮಾರ್ಚ್ ಕಳೆಯಲಿ ಎಂದಿದ್ದಾರೆ.