ಲೇಸರ್ ತಡೆಯುವ ನ್ಯಾನೊ ನೂಲು: ಲ್ಯಾಬಿನಲ್ಲಿ ತಯಾರಿಸುವುದು ಹೇಗೆ?

ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಇದೂ ನೂಲಿನ ವಿಷಯವೇ. ಆದರೆ ಈ ಎಳೆ ಬರಿಗಣ್ಣಿಗೆ ಕಾಣದು. ದಪ್ಪ 200–300 ನ್ಯಾನೊಮೀಟರ್, ಅಂದರೆ ತಲೆಕೂದಲಿಗಿಂತ ನೂರಾರು ಪಟ್ಟು ಸಣ್ಣ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿಯ ದೊಡ್ಡ ಕ್ಯಾಂಪಸ್ ಇದೆ, ನಿಜ. ಆದರೆ ಈ ನೂಲು ತೆಗೆಯಲು ಒಳ್ಳೆಯ ಎಂಎಸ್ಸಿ ಲ್ಯಾಬ್, ಜೊತೆಗೆ ಅನುಭವ ಇರುವ ಮೇಷ್ಟ್ರು ಇದ್ದರೆ ಸಾಕು.

ಇದರ ಅಗತ್ಯ ಏನು? ಲೇಸರ್ ಕಿರಣ ಕಣ್ಣಿಗೆ ಬಿದ್ದರೆ ಕಣ್ಣಿನ ಮಸೂರ ಅದನ್ನು ಒಂದೇ ಚುಕ್ಕೆಗೆ ಕೂಡಿಸುತ್ತದೆ. ಅಲ್ಲಿ ಅದರ ತೀವ್ರತೆ ಸುಮಾರು 1 ಲಕ್ಷ ಪಟ್ಟು ಏರುತ್ತದೆ. ರೆಪ್ಪೆ ಮುಚ್ಚಲು ಕಾಲು ಸೆಕೆಂಡ್ ಬೇಕು. ನ್ಯಾನೊಸೆಕೆಂಡ್ ಲೇಸರ್ ಅಷ್ಟರೊಳಗೆ ಕಣ್ಣು ಸುಟ್ಟು ಮುಗಿಸಿರುತ್ತದೆ. ಬಣ್ಣದ ಸುರಕ್ಷಾ ಕನ್ನಡಕ ಕೆಲವು ಬಣ್ಣಗಳನ್ನಷ್ಟೇ ತಡೆಯುತ್ತದೆ, ಅದೂ ಸದಾಕಾಲ. ಹಾಗಾಗಿ ನೋಟ ಮಂಕಾಗುತ್ತದೆ. ಮಾಮೂಲಿ ಬೆಳಕನ್ನು ಬಿಟ್ಟು, ಬೆಳಕು ಜಾಸ್ತಿಯಾದಾಗ ಮಾತ್ರ ತಾನಾಗಿ ತಡೆಯುವ ವಸ್ತು ಇದ್ದರೆ ಚೆನ್ನ, ಅಲ್ವಾ?

ಝಿಂಕ್ ಆಕ್ಸೈಡ್ ಅಂಥದ್ದು. ಅದರ ಎಲೆಕ್ಟ್ರಾನ್ ಮೇಲೇರಲು ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 532 ನ್ಯಾನೊಮೀಟರ್‌ನ ಹಸಿರು ಬೆಳಕಿನ ಒಂದು ಫೋಟಾನ್ (ಬೆಳಕಿನ ಶಕ್ತಿಯ ಒಂದು ಪೊಟ್ಟಣ) ತರುವುದು 2.33 ಮಾತ್ರ. ಸಾಲದು, ಬೆಳಕು ಹಾದುಹೋಗುತ್ತದೆ. ಲೇಸರ್ ತೀವ್ರವಾದಾಗ ಎರಡು ಫೋಟಾನ್ ಒಟ್ಟಿಗೆ ಬಂದು 4.66 ಆಗುತ್ತದೆ. ಆಗ ಝಿಂಕ್ ಆಕ್ಸೈಡ್ ಎರಡನ್ನೂ ನುಂಗುತ್ತದೆ.

ಈ ಝಿಂಕ್ ಆಕ್ಸೈಡಿನ ನ್ಯಾನೊ ಕಣಗಳನ್ನು ನೂಲಿನೊಳಗೆ ಸೇರಿಸುವುದೇ ನಮ್ಮ ಕೆಲಸ. ಮೊದಲು ನೂಲಿನ ದ್ರಾವಣ. 100 ಎಂಎಲ್ ಡಿಸ್ಟಿಲ್ಡ್ ನೀರಿಗೆ 10 ಗ್ರಾಂ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರಿನ (ನೀರಿನಲ್ಲಿ ಕರಗುವ ಪ್ಲಾಸ್ಟಿಕ್) ಪುಡಿ. ಕಲಕುತ್ತಾ ತಣ್ಣೀರಿಗೇ ಹಾಕಿ, ಆಮೇಲೆ 80–90 ಡಿಗ್ರಿವರೆಗೆ ಬಿಸಿ ಮಾಡಿ. ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಪೂರ್ತಿ ಕರಗಿ ತಣ್ಣಗಾದ ಮೇಲೆ ಹರಳೆಣ್ಣೆಯಷ್ಟು ಮಂದವಾಗಿರಬೇಕು.

ಕೆಲಸದ ಅರ್ಧ ಭಾಗ ಇರುವುದು ಕಣ ಬೆರೆಸುವುದರಲ್ಲಿ. ನ್ಯಾನೊ ಪುಡಿ ಸುಮ್ನೆ ಬಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮುದ್ದೆಯಾದ ಕಣ ಬೆಳಕನ್ನು ಸುಮ್ಮನೆ ಚೆದರಿಸುತ್ತದೆ, ಸೂಜಿಯ ತೂತನ್ನೂ ಮುಚ್ಚುತ್ತದೆ. ಆದ್ದರಿಂದ 0.1 ಗ್ರಾಂ ಝಿಂಕ್ ಆಕ್ಸೈಡನ್ನು ಸ್ವಲ್ಪ ನೀರಿನಲ್ಲಿ ಹಾಕಿ ಅಲ್ಟ್ರಾಸೋನಿಕ್ ಬಾತ್‌ನಲ್ಲಿ (ಕಿವಿಗೆ ಕೇಳದ ಶಬ್ದದಿಂದ ಮುದ್ದೆ ಬಿಡಿಸುವ ತೊಟ್ಟಿ) ಅರ್ಧ ಗಂಟೆ ಇಡಿ. ಆಮೇಲೆ ದ್ರಾವಣಕ್ಕೆ ಸೇರಿಸಿ ಕಲಕಿ. ಮಾರನೇ ದಿನ ಬೀಕರಿನ ತಳ ನೋಡಿ. ಬಿಳಿ ಗಸಿ ಕೂತಿದ್ದರೆ ಮತ್ತೆ ಬಾತ್‌ಗೆ ಇಡಿ. ಪುಡಿ ತೂಗುವಾಗ ಮಾಸ್ಕ್ ಬೇಕೇ ಬೇಕು.

ಇನ್ನು ನೂಲುವುದು. ದ್ರಾವಣವನ್ನು ಸಿರಿಂಜಿಗೆ ತುಂಬಿ, ಗಂಟೆಗೆ 0.5 ಎಂಎಲ್ ಹೊರಬರುವಂತೆ ಪಂಪ್ ಹೊಂದಿಸಿ. ಸೂಜಿಗೆ 15 ಸಾವಿರ ವೋಲ್ಟ್ ಕೊಡಿ. 12–15 ಸೆಂಟಿಮೀಟರ್ ದೂರದಲ್ಲಿ ಅರ್ಥ್ ಮಾಡಿದ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಗಾಜಿನ ಸ್ಲೈಡ್. ಸೂಜಿ ತುದಿಯ ಹನಿ ಮೊನಚಾಗಿ ಶಂಕುವಿನ ಆಕಾರಕ್ಕೆ ಬರುತ್ತದೆ. 1964ರಲ್ಲಿ ಜೆಫ್ರಿ ಟೇಲರ್ ಇದರ ಗಣಿತ ವಿವರಿಸಿದ್ದರಿಂದ ಇದು ಟೇಲರ್ ಶಂಕು. ಆ ಮೊನೆಯಿಂದ ಎಳೆ ಹೊರಟು ಗಾಳಿಯಲ್ಲಿ ಸುತ್ತುತ್ತಾ ಒಣಗಿ ಸ್ಲೈಡಿಗೆ ಅಂಟುತ್ತದೆ. ನಮ್ಮ ಬಯಲುಸೀಮೆಯ ಒಣಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಎಳೆ ಸರಿಯಾಗಿ ಒಣಗದೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಕರೆಂಟ್ ಆಫ್ ಮಾಡಿದ ಮೇಲೂ ಅರ್ಥ್ ರಾಡ್ ತಾಗಿಸದೆ ಸೂಜಿ ಮುಟ್ಟಬೇಡಿ.

ಸ್ಲೈಡಿನ ಮೇಲೆ ಕೂರುವ ನೂಲಿನ ಪೊರೆ ತೆಳ್ಳಗಿರಲಿ. ದಪ್ಪವಾದರೆ ಬೆಳಕು ಚೆದರಿ ಬೆಳ್ಳಗೆ ಕಾಣುತ್ತದೆ. ಸ್ಲೈಡನ್ನು ಅಚ್ಚಾದ ಪೇಪರಿನ ಮೇಲಿಟ್ಟರೆ ಅಕ್ಷರ ಓದಲು ಬರಬೇಕು. ಕಣ ಹಾಕದ ಬರೀ ಪಾಲಿಮರಿನ ಸ್ಲೈಡ್ ಕೂಡ ಒಂದು ಮಾಡಿ, ಎರಡನ್ನೂ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಈ ನೂಲು ನೀರು ತಾಗಿದರೆ ಕರಗುತ್ತದೆ.

ಪರೀಕ್ಷೆಯನ್ನು ತರಬೇತಿ ಪಡೆದವರಿರುವ ಲೇಸರ್ ಲ್ಯಾಬಿನಲ್ಲೇ ಮಾಡಿಸಿ. ಝಡ್-ಸ್ಕ್ಯಾನ್ ವಿಧಾನದಲ್ಲಿ ಸ್ಲೈಡನ್ನು ಲೆನ್ಸಿನ ಫೋಕಸ್ ದಾಟಿಸುತ್ತಾರೆ. ಫೋಕಸ್ ಬಳಿ ದಾಟಿ ಬರುವ ಬೆಳಕಿನ ಪಾಲು ಕುಸಿದರೆ ಕಣಗಳು ತಡೆಯುತ್ತಿವೆ ಎಂದು ಲೆಕ್ಕ. ಬರೀ ಪಾಲಿಮರಿನ ಸ್ಲೈಡಿನಲ್ಲೂ ಅಷ್ಟೇ ಕುಸಿದರೆ ಅದು ಕಣದ ಕೆಲಸವಲ್ಲ. ಕೊನೆಗೆ ಅದೇ ಜಾಗಕ್ಕೆ ಮತ್ತೆ ಕಡಿಮೆ ಶಕ್ತಿಯ ಲೇಸರ್ ಬಿಡಿಸಿ. ಬೆಳಕು ಮೊದಲಿನಷ್ಟೇ ದಾಟಿದರೆ ಪೊರೆ ಗಟ್ಟಿಯಾಗಿದೆ. ಹೆಚ್ಚು ಅಥವಾ ಕಡಿಮೆ ದಾಟಿದರೆ ಪೊರೆಯೇ ಸುಟ್ಟಿದೆ, ಹೊಸ ಸ್ಲೈಡ್ ತೆಗೆದು ಶಕ್ತಿ ಇಳಿಸಿ ಮತ್ತೆ ಅಳೆಯಬೇಕು. ಈ ಎಲ್ಲ ಪರೀಕ್ಷೆ ನಡೆಯುವಾಗ ಕಣ್ಣಿಗೆ ಪ್ರಮಾಣಿತ ಲೇಸರ್ ಕನ್ನಡಕವೇ ಇರಲಿ, ನೀವು ಮಾಡಿದ ಪೊರೆಯಲ್ಲ.